ಅಪ್ಪನ ಪ್ಲೇಟು, ಅಮ್ಮನ ಕ್ಯಾಸೆಟ್ಟು

ನಮ್ಮ ಮನೆಯ ರೆಕಾರ್ಡ್ ಪ್ಲೇಯರಿಗೂ ಒಂದು ಮಡಿ ಇತ್ತು. ಭಾನುವಾರ ಅಪ್ಪ ಸ್ನಾನ ಮುಗಿಸಿ ಬಂದು, ಪ್ಲೇಟಿನ ಧೂಳೊರೆಸಿ, ಉಸಿರು ಬಿಗಿಹಿಡಿದು ಮುಳ್ಳು ಇಳಿಸುತ್ತಿದ್ದರು. ನಾವು ಮಕ್ಕಳು ಓಡಾಡಿದರೆ ಮುಳ್ಳು ಹಾರುತ್ತದೆಂದು ಗದರಿಕೆ. ಅಮ್ಮನದು ಯಾವಾಗಲೂ ಒದ್ದೆ ಕೈ. ಆ ಪೆಟ್ಟಿಗೆಯನ್ನು ಅವಳು ಮುಟ್ಟಿದ್ದನ್ನು ನಾನು ಕಾಣೆ. ಒಗ್ಗರಣೆಯ ಸದ್ದಿನ ನಡುವೆ ಅಡುಗೆಮನೆಗೆ ತೂರಿ ಬಂದಷ್ಟೇ ಹಾಡು ಅವಳ ಪಾಲಿನದು.

ಎಂಬತ್ತರ ದಶಕದಲ್ಲಿ ಅಣ್ಣ ಟೇಪ್ ರೆಕಾರ್ಡರ್ ತಂದ. ಅಪ್ಪ ಎರಡು ನಿಮಿಷ ಕೇಳಿ, "ಇದೇನೋ, ಎಣ್ಣೆ ಕಾದ ಹಾಗೆ ಸುಯ್ ಅನ್ನುತ್ತೆ" ಎಂದು ಎದ್ದುಹೋದರು.

ಅವರ ಕಿವಿ ಸುಳ್ಳು ಹೇಳಿರಲಿಲ್ಲ. 1963ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನಲ್ಲಿ ತೋರಿಸಿದ ಈ ಕ್ಯಾಸೆಟ್ ಮೊದಮೊದಲು ಮಾತು ದಾಖಲಿಸುವುದಕ್ಕೇ ಹೆಚ್ಚಾಗಿ ಒದಗಿದ್ದು. ನಾಲ್ಕು ಮಿಲಿಮೀಟರೂ ಅಗಲವಿಲ್ಲದ ಟೇಪು, ಸೆಕೆಂಡಿಗೆ ಐದು ಸೆಂಟಿಮೀಟರೂ ಓಡುವುದಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಸೂಕ್ಷ್ಮ ನಾದಕ್ಕೆಲ್ಲಿ ಜಾಗ? ತಂಬೂರಿಯ ಝೇಂಕಾರ ಸುಯ್‌ಗುಟ್ಟುವಿಕೆಯಲ್ಲೇ ಮುಳುಗುತ್ತಿತ್ತು.

ಟೇಪನ್ನು ಅಗಲ ಮಾಡಿ, ಜೋರಾಗಿ ಓಡಿಸಿದರಾಯಿತಲ್ಲ ಎನ್ನುತ್ತೀರಾ? ಅದನ್ನೂ ಮಾಡಿ ನೋಡಿದರು. 1976ರಲ್ಲಿ ಜಪಾನಿನ ಸೋನಿ ಕಂಪನಿ 'ಎಲ್‌ಕ್ಯಾಸೆಟ್' ತಂದಿತು. ಟೇಪು 6.3 ಮಿಲಿಮೀಟರ್ ಅಗಲ, ವೇಗ ಇಮ್ಮಡಿ, ನಾದ ಬಲು ಚೆನ್ನ. ಆದರೆ ಕ್ಯಾಸೆಟ್ಟೂ ದಪ್ಪ, ಯಂತ್ರವೂ ಭಾರ. ನಾಲ್ಕೈದು ವರ್ಷದಲ್ಲೇ ಅದರ ಕಥೆ ಮುಗಿಯಿತು. ಅಷ್ಟರಲ್ಲಿ, 1979ರಲ್ಲಿ, ಅದೇ ಸೋನಿ ವಾಕ್‌ಮನ್ ಮಾರತೊಡಗಿತ್ತು. ಸ್ಪೀಕರಿಲ್ಲ, ರೆಕಾರ್ಡಿಂಗೂ ಇಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯಬಹುದು, ಅಷ್ಟೇ. ಜಗತ್ತೆಲ್ಲ ಕೊಂಡಿತು. ಮುಂದೆ 1999ರಲ್ಲಿ ಸಿ.ಡಿ.ಗಿಂತ ಮೇಲಾದ ಸೂಪರ್ ಆಡಿಯೋ ಸಿ.ಡಿ. ಬಂದಾಗಲೂ ಹೀಗೇ ಆಯಿತು. ಅದಕ್ಕೆ ಬೇರೆಯೇ ಪ್ಲೇಯರ್ ಬೇಕಿತ್ತು; ಹಾಡನ್ನು ಹತ್ತರಲ್ಲೊಂದು ಪಾಲಿಗೆ ಹಿಂಡಿಬಿಡುವ ಎಂ.ಪಿ.3 ಗೆದ್ದಿತು.

ಜನರಿಗೆ ರುಚಿಯಿಲ್ಲ ಎಂದು ಅಪ್ಪನಂಥವರು ಬೈಯುತ್ತಿದ್ದರು. ನನಗೆ ಹಾಗನ್ನಿಸುವುದಿಲ್ಲ. ಒಳ್ಳೆಯ ನಾದಕ್ಕೆ ಎದುರು ಕೂತು ಕೇಳುವವರು ಬೇಕು. ನಮ್ಮ ಮನೆಗಳಲ್ಲಿ ಹಾಗೆ ಕೂರುವ ಪುರುಸೊತ್ತು ಯಾರಿಗಿತ್ತು ಹೇಳಿ? ಕ್ಯಾಸೆಟ್ಟು ತಾನೇ ಎದ್ದು ಅಡುಗೆಮನೆಗೆ ಬಂತು. 1978ರಲ್ಲಿ ಬಂದಿದ್ದ 'ನಿತ್ಯೋತ್ಸವ'ದ ಕ್ಯಾಸೆಟ್ಟನ್ನು ಅಮ್ಮ ಸೌತೆಕಾಯಿ ಹೆಚ್ಚುತ್ತಲೇ ಬಾಯಿಪಾಠ ಮಾಡಿದಳು. ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ತಾನೇ ಸುತ್ತುತ್ತಿದ್ದಳು, ಯಾರನ್ನೂ ಕೇಳದೆ.

ಇನ್ನೊಂದಿತ್ತು, ಅಪ್ಪನ ಪ್ಲೇಟಿಗೆ ಬಾರದ ವಿದ್ಯೆ. ಒಂದು ಮಧ್ಯಾಹ್ನ ಅಮ್ಮ ಕೆಂಪು ಗುಂಡಿ ಒತ್ತಿ, ನಮ್ಮಜ್ಜಿಯಿಂದ ಹಸೆಹಾಡು ಹಾಡಿಸಿಕೊಂಡಳು. ಅಜ್ಜಿ ಆ ಮಳೆಗಾಲ ದಾಟಲಿಲ್ಲ. ಈಗ ನನ್ನ ಮಗಳು ಆ ಹಾಡನ್ನು ಮೊಬೈಲಿಗೆ ಹಾಕಿಕೊಟ್ಟಿದ್ದಾಳೆ. "ಸುಯ್ ಅನ್ನೋದನ್ನ ತೆಗೆದು ಶುದ್ಧ ಮಾಡ್ಲಾ ಅಮ್ಮ?" ಎಂದಳು. ಬೇಡ ಎಂದೆ. ಅದರ ಜೊತೆ ಹಿಂದೆಲ್ಲೋ ಕೂಗುವ ಕುಕ್ಕರೂ, "ಸಣ್ಣಗೆ ಹಾಡಮ್ಮ" ಎನ್ನುವ ಅಮ್ಮನ ಪಿಸುಮಾತೂ ಹೋಗಿಬಿಟ್ಟಾವು.