ಬಂದರಿನ ಅಪರಾಧ, ಸಂಘದ ಪದವಿ

ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ನ್ಯೂಯಾರ್ಕ್ ಬಂದರಿನ ಕೂಲಿಗಾರರಿಗೆ ಕೆಲಸ ಸಿಗುತ್ತಿದ್ದುದು ‘ಷೇಪ್-ಅಪ್’ ಎಂಬ ಪದ್ಧತಿಯಿಂದ. ಧಕ್ಕೆಯ ಮುಂದೆ ಅರ್ಧವೃತ್ತವಾಗಿ ನೆರೆದವರಲ್ಲಿ ಮೇಸ್ತ್ರಿ ತನಗೆ ಬೇಕಾದವರನ್ನು ಕರೆದುಕೊಳ್ಳುತ್ತಿದ್ದ, ಉಳಿದವರು ಬರಿಗೈಯಲ್ಲಿ ಮರಳುತ್ತಿದ್ದರು. ಕೂಲಿಯಲ್ಲೊಂದು ಪಾಲನ್ನು ಮೇಸ್ತ್ರಿಗೆ ಒಪ್ಪಿಸಲು ಸಿದ್ಧನಾದವನು ಅದರ ಗುರುತಾಗಿ ಕಿವಿಯ ಸಂದಿಯಲ್ಲಿ ಹಲ್ಲುಕಡ್ಡಿ ಸಿಕ್ಕಿಸಿಕೊಂಡು ನಿಲ್ಲುವುದೂ ಇತ್ತು. ಮೇಸ್ತ್ರಿಗಳಲ್ಲಿ ಹಲವರು ಜೈಲು ಕಂಡವರಾಗಿದ್ದು, ಅವರನ್ನು ತಡೆಯಬೇಕಾದ ಕಾರ್ಮಿಕ ಸಂಘದ ಹುದ್ದೆಗಳಲ್ಲಿಯೂ ಅಂಥವರು ಸೇರಿಕೊಂಡಿದ್ದರಿಂದ ಕೂಲಿಗಾರನ ದೂರನ್ನು ಕೇಳುವವರೇ ಇರಲಿಲ್ಲ.

1948ರಲ್ಲಿ ಪತ್ರಕರ್ತ ಮಾಲ್ಕಮ್ ಜಾನ್ಸನ್ ಬರೆದ ಲೇಖನಮಾಲೆ ಮತ್ತು ಅನಂತರ ರಾಜ್ಯದ ಅಪರಾಧ ಆಯೋಗ ನಡೆಸಿದ ಬಹಿರಂಗ ವಿಚಾರಣೆಗಳು ಇದನ್ನು ಬಯಲಿಗೆಳೆದ ಮೇಲೆ, 1953ರಲ್ಲಿ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ರಾಜ್ಯಗಳು ಜಂಟಿ ಬಂದರು ಆಯೋಗವೊಂದನ್ನು ಸ್ಥಾಪಿಸಿದವು. ಅದರೊಂದಿಗೆ ಬಂದ ನ್ಯೂಯಾರ್ಕಿನ ಕಾನೂನು ಅಪರಾಧಿಯನ್ನು ನೇರವಾಗಿ ಕೆಳಗಿಳಿಸದೆ ಸಂಘದ ಹಣದ ಮೂಲವನ್ನೇ ಹಿಡಿಯಿತು: ಘೋರ ಅಪರಾಧಕ್ಕಾಗಿ ಶಿಕ್ಷೆಗೊಳಗಾದವನು ಪದಾಧಿಕಾರಿಯಾಗಿರುವ ಬಂದರು ಸಂಘದ ಪರವಾಗಿ ಯಾರೂ ಸದಸ್ಯರಿಂದ ವಂತಿಗೆ ಎತ್ತುವಂತಿರಲಿಲ್ಲ, ಕ್ಷಮಾದಾನವನ್ನೋ ಸನ್ನಡತೆಯ ಪ್ರಮಾಣಪತ್ರವನ್ನೋ ಪಡೆದವರಿಗೆ ಮಾತ್ರ ವಿನಾಯಿತಿಯಿತ್ತು.

ಈ ನಿಯಮ ಕೂಲಿಗಾರನ ರಕ್ಷಣೆಗೆ ಹುಟ್ಟಿದ್ದು ನಿಜವಾದರೂ ಅದರ ಪೆಟ್ಟು ಎಲ್ಲಿ ಬಿದ್ದಿತೆಂಬುದನ್ನು ಸ್ಟೇಟನ್ ಐಲ್ಯಾಂಡಿನ ಒಂದು ಸ್ಥಳೀಯ ಸಂಘದ ಮೊಕದ್ದಮೆ ತೋರಿಸುತ್ತದೆ. ಆ ಸಂಘದ ಕಾರ್ಯದರ್ಶಿ-ಖಜಾಂಚಿ 1920ರಲ್ಲಿ ಕಳ್ಳತನದ ಯತ್ನವೊಂದನ್ನು ಒಪ್ಪಿಕೊಂಡಿದ್ದ. ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿದ್ದರಿಂದ ಅವನು ಅದಕ್ಕಾಗಿ ಜೈಲಿಗೆ ಹೋಗಿರಲಿಲ್ಲ. ಮೂರು ದಶಕಗಳಿಗೂ ಹಿಂದಿನ ಆ ದಾಖಲೆಯ ಆಧಾರದಲ್ಲಿ ಅವನು ಹುದ್ದೆ ಕಳೆದುಕೊಂಡ. 1960ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿದು, ಇದರ ಗುರಿ ಹಳೆಯ ತಪ್ಪಿಗೆ ಹೊಸ ಶಿಕ್ಷೆ ವಿಧಿಸುವುದಲ್ಲ, ಬಂದರನ್ನು ಶುದ್ಧಗೊಳಿಸುವುದು ಎಂದಿತು. ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಕಾಲಮಿತಿಯಿಲ್ಲದ ನಿಷೇಧವು ಶಿಕ್ಷೆಯಲ್ಲವೆನ್ನುವ ವಾದ ಸದಸ್ಯರ ಆಯ್ಕೆಯ ಹಕ್ಕನ್ನು ತೀರ ಹಗುರವಾಗಿ ಕಂಡಿತೆನ್ನದೆ ವಿಧಿಯಿಲ್ಲ.

ಅಷ್ಟರಲ್ಲಿ, ಕಾರ್ಮಿಕ ಸಂಘಗಳ ಅಕ್ರಮಗಳ ಬಗ್ಗೆ ಸೆನೆಟ್ಟಿನ ಮೆಕ್ಲೆಲ್ಲನ್ ಸಮಿತಿ ನಡೆಸಿದ ತನಿಖೆಯ ಹಿನ್ನೆಲೆಯಲ್ಲಿ 1959ರಲ್ಲಿ ಅಂಗೀಕೃತವಾದ ಲ್ಯಾಂಡ್ರಮ್-ಗ್ರಿಫಿನ್ ಕಾಯಿದೆ ಈ ನಿಷೇಧವನ್ನು ದೇಶಕ್ಕೆಲ್ಲ ವಿಸ್ತರಿಸಿ, ದರೋಡೆ, ಲಂಚ, ಸುಲಿಗೆ, ಕೊಲೆ ಮುಂತಾದ ಅಪರಾಧಗಳನ್ನು ಹೆಸರಿಸಿ, 5 ವರ್ಷಗಳ ಮಿತಿಯನ್ನೂ ಇಟ್ಟಿತು. ಅದೇ ಕಲಮಿನಲ್ಲಿ ಕಮ್ಯುನಿಸ್ಟ್ ಪಕ್ಷದ ಸದಸ್ಯರನ್ನೂ ಸೇರಿಸಿದ್ದು ಆ ಕಾಲದ ಭೀತಿಯ ಫಲ. ನ್ಯಾಯಾಲಯದ ವಿಚಾರಣೆಯಿಲ್ಲದೆ ಶಾಸಕಾಂಗವೇ ಒಂದು ವರ್ಗವನ್ನು ದಂಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1965ರಲ್ಲಿ ಆ ಭಾಗವನ್ನು ರದ್ದುಪಡಿಸಿತು. ಶಿಕ್ಷಿತ ಅಪರಾಧಿಗಳ ಮೇಲಿನ ನಿಷೇಧವಾದರೋ 1984ರಲ್ಲಿ 13 ವರ್ಷಗಳಿಗೆ ಏರಿ, ಮೇಲ್ಮನವಿ ತೀರ್ಮಾನವಾಗುವವರೆಗೆ ಕಾಯದೆ ಶಿಕ್ಷೆಯ ತೀರ್ಪಿನೊಡನೆಯೇ ಜಾರಿಗೆ ಬರುವಂತಾಯಿತು.

ಭಾರತದಲ್ಲಿ 1926ರ ಕಾರ್ಮಿಕ ಸಂಘಗಳ ಕಾಯಿದೆಗೆ 1964ರಲ್ಲಿ ತಂದ ತಿದ್ದುಪಡಿ ಬೇರೆ ದಾರಿ ಹಿಡಿಯಿತು. ಅಪರಾಧಗಳ ಪಟ್ಟಿ ಕೊಡದೆ, ‘ನೈತಿಕ ಅಧಃಪತನ’ದ, ಎಂದರೆ ನೀಚತನ ಅಥವಾ ಅಪ್ರಾಮಾಣಿಕತೆಯಿಂದ ಕೂಡಿದ, ಅಪರಾಧಕ್ಕಾಗಿ ಸೆರೆವಾಸ ವಿಧಿಸಲ್ಪಟ್ಟವನು ಬಿಡುಗಡೆಯಾಗಿ 5 ವರ್ಷ ಕಳೆಯುವವರೆಗೆ ಪದಾಧಿಕಾರಿಯಾಗಲಾರ ಎಂದು ಅದು ವಿಧಿಸಿತು. ಮುಷ್ಕರದ ಗಲಭೆಯಲ್ಲಿ ಶಿಕ್ಷೆಗೊಳಗಾದ ಕಾರ್ಮಿಕ ಮುಂದಾಳು ಈ ಮಾತಿನ ವ್ಯಾಪ್ತಿಗೆ ಬರುತ್ತಾನೆಯೇ ಎಂಬುದನ್ನು ಕಾಯಿದೆ ಸ್ವತಃ ಹೇಳಲಿಲ್ಲ. ಅದನ್ನು ನಿರ್ಧರಿಸುವ ಹೊಣೆ ನ್ಯಾಯಾಲಯಗಳ ಮೇಲೆ ಬಿದ್ದಿತು.