ಜಡಿಗೇನಹಳ್ಳಿ ಸೀಮೆ: ಕೆರೆ, ರಾಗಿ, ರೇಷ್ಮೆ

ಜಡಿಗೇನಹಳ್ಳಿ ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲೊಂದು. ಕಸಬಾ, ಸೂಲಿಬೆಲೆ, ನಂದಗುಡಿ, ಅನುಗೊಂಡನಹಳ್ಳಿ ಉಳಿದವು. ಮಾಲೂರು ತಾಲ್ಲೂಕಿನ ಕಡೆಗಿರುವ ಈ ಬಯಲಿನಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಒಂದೇ ಮಳೆಯನ್ನಾಗಲಿ ಒಂದೇ ಬೆಳೆಯನ್ನಾಗಲಿ ನೆಚ್ಚಿ ಕೂರದ ಬೇಸಾಯ ಇಲ್ಲಿ ಬೆಳೆದದ್ದು ಆ ಕಾರಣಕ್ಕೆ.

ಆಳಿದವರು ಹಲವರು. ಗಂಗರ ನಂತರ, 11ನೇ ಶತಮಾನದ ಆರಂಭದಲ್ಲಿ, ಚೋಳರು ಬಂದರು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ 9ನೇ ಸಂಪುಟದಲ್ಲಿ ಈ ತಾಲ್ಲೂಕಿನ ಕನ್ನಡ ಶಾಸನಗಳ ಜೊತೆ ಅದರ ಗುರುತಾಗಿ ತಮಿಳು ಶಾಸನಗಳೂ ಇವೆ. ಹೊಯ್ಸಳರ ತರುವಾಯ, ವಿಜಯನಗರದ ಆಳ್ವಿಕೆಯಲ್ಲಿ, ಸುಗಟೂರಿನ ಪಾಳೆಯಗಾರ ತಮ್ಮೇಗೌಡ 1595ರ ಸುಮಾರಿಗೆ ಹೊಸಕೋಟೆಯನ್ನು ಕಟ್ಟಿಸಿದ. ಮುಂದೆ ಸೀಮೆ ಬಿಜಾಪುರಕ್ಕೆ ಸೇರಿ ಶಿವಾಜಿಯ ತಂದೆ ಶಹಾಜಿಯ ಜಹಗೀರಾಯಿತು. ಕೋಲಾರ–ಬೆಂಗಳೂರು ದಾರಿಯಲ್ಲಿದ್ದ ಹೊಸಕೋಟೆಯನ್ನು 1761ರಲ್ಲಿ ಹೈದರಾಬಾದ್ ನಿಜಾಮನ ಸಹೋದರ ಬಸಾಲತ್ ಜಂಗ್, 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಹಿಡಿದರು.

ದೊರೆಗಳು ಬದಲಾದರೂ ಊರು ನಿಂತದ್ದು ಕೆರೆಯ ಮೇಲೆ. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವವನು ನೀರುಗಂಟಿ. ಸುಗ್ಗಿಯಲ್ಲಿ ಅವನಿಗೂ, ತೋಟಿ ತಳವಾರರಿಗೂ, ಕಮ್ಮಾರ ಕುಂಬಾರರಿಗೂ ಕಣದಲ್ಲೇ ಆಯ ಸಲ್ಲುತ್ತಿತ್ತು. ನೀರುಗಂಟಿ, ತೋಟಿಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದುಮಾಡಿತು. ಬಿಟ್ಟಿ ಚಾಕರಿಯಲ್ಲಿ ನವೆದ ದಲಿತ ಕುಟುಂಬಗಳಿಗೆ ಇದು ನಿಜವಾದ ಬಿಡುಗಡೆ. ಆದರೆ ತೂಬು, ಕಾಲುವೆಗಳ ನಿತ್ಯದ ಆರೈಕೆಗೆ ಸಮನಾದ ಬದಲಿ ವ್ಯವಸ್ಥೆ ಹುಟ್ಟಲಿಲ್ಲ.

ಹೊಲದ ಒಡೆಯ ರಾಗಿ. ಆಫ್ರಿಕದ ಪೂರ್ವದ ಎತ್ತರದ ನಾಡುಗಳಲ್ಲಿ ಹುಟ್ಟಿ, ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂದ ಧಾನ್ಯವಿದು. ಹೊಲ ಹದವಾದಾಗ ಕೂರಿಗೆಯಿಂದ ರಾಗಿ ಬಿತ್ತಿ, ನಡುನಡುವೆ ಅಕ್ಕಡಿ ಸಾಲು ಬಿಡುತ್ತಿದ್ದರು: ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಅಂಚಿಗೆ ಹರಳು. ಮುಂಗಾರು ಕೈಕೊಟ್ಟು ರಾಗಿ ಸೊರಗಿದರೆ ಹಿಂಗಾರಿನ ಹನಿಗೆ ಅವರೆಯಾದರೂ ಕೈಹಿಡಿಯುತ್ತಿತ್ತು. ಸಾರಿಗೆ ಬೇಳೆ, ಒಗ್ಗರಣೆಗೆ ಎಣ್ಣೆ, ದನಕ್ಕೆ ಮೇವು, ಎಲ್ಲವೂ ಅದೇ ಹೊಲದ್ದು. ಕೊಯ್ದ ಪೈರನ್ನು ಮೆದೆ ಹಾಕಿ, ಕಣದಲ್ಲಿ ಕಲ್ಲುಗುಂಡು ಹೊಡೆದು, ರಾಶಿ ಪೂಜೆ ಮಾಡಿ, ಕಾಳನ್ನು ಹಗೇವಿಗೆ ಇಳಿಸುತ್ತಿದ್ದರು. ನೆಲದೊಳಗಿನ ಆ ಕಣಜದಲ್ಲಿ ರಾಗಿ ಹುಳು ಬೀಳದೆ ವರ್ಷಗಟ್ಟಲೆ ಉಳಿಯುತ್ತಿತ್ತು. ಆದರೂ 1876–78ರ ಬರ ಈ ಕಾಪನ್ನೂ ಮೀರಿತು. ಮೈಸೂರು ಸಂಸ್ಥಾನದಲ್ಲಿ ಆಗ ಸತ್ತವರು ಸುಮಾರು 10 ಲಕ್ಷ.

ಭಾರತದ ಮತ್ತು ಆಫ್ರಿಕದ ತಳಿಗಳನ್ನು ಬೆರೆಸಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದಲ್ಲಿ ರೂಪಿಸಿದ ಇಂಡಾಫ್ ರಾಗಿ 1970ರ ದಶಕದಿಂದ ಹಳೇ ಮೈಸೂರಿನ ಹೊಲಗಳ ಇಳುವರಿ ಹೆಚ್ಚಿಸಿತು. ಈ ವಿಜ್ಞಾನಿಗೆ ನಾಡು ಇನ್ನೂ ಸಾಕಷ್ಟು ಋಣ ಸಲ್ಲಿಸಿಲ್ಲ.

ನಗದು ತಂದದ್ದು ರೇಷ್ಮೆ ಮತ್ತು ಹಾಲು. ಮೈಸೂರು ಸೀಮೆಯಲ್ಲಿ ಟಿಪ್ಪು ಬೆಳೆಸಿದ ರೇಷ್ಮೆ ಕಸುಬು ಹೊಸಕೋಟೆ, ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ಶಿಡ್ಲಘಟ್ಟದ ಸುತ್ತ ಮನೆಮನೆಯದಾಯಿತು. ನಾಲ್ಕು ಜ್ವರ (ಪೊರೆ ಬಿಡುವ ಹಂತ) ದಾಟಿ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗೆ ಮನೆಯ ಹೆಂಗಸರಿಗೆ ನಿದ್ದೆಯಿಲ್ಲ. ಲೆಕ್ಕದಲ್ಲಿ ಕಾಣದ ಈ ದುಡಿಮೆಯೇ ಕಸುಬಿನ ಬೆನ್ನೆಲುಬು. 1970ರ ದಶಕದ ಮಧ್ಯದಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಯೋಜನೆ ಹಳ್ಳಿಗಳಿಗೆ ಹಾಲಿನ ಡೈರಿಗಳನ್ನು ತಂದಿತು. ನಾಟಿ ದನದ ಕೊಟ್ಟಿಗೆಗೆ ಸೀಮೆ ಹಸು ಬಂತು.

ಕರ್ನಾಟಕ, ಆಂಧ್ರ, ತಮಿಳುನಾಡು ಮೂರೂ ಹತ್ತಿರವಾಗುವ ಈ ಭಾಗದಲ್ಲಿ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಕುಟುಂಬಗಳು ಸಾಮಾನ್ಯ. ಊರಹಬ್ಬಕ್ಕೆ ಗಂಗಮ್ಮ, ಮಾರಮ್ಮ, ಸಪ್ಪಲಮ್ಮನಿಗೆ ತಂಬಿಟ್ಟಿನ ದೀಪ ಹೊತ್ತು ಹೋಗುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಕಲಿಸಿದ ಪೌರಾಣಿಕ ನಾಟಕವನ್ನು ರೈತರೇ ಬಣ್ಣ ಹಚ್ಚಿ ಬೆಳಗಿನವರೆಗೆ ಆಡುತ್ತಾರೆ.

ಕೆರೆಗಳು ಒಣಗಿದಂತೆ ಕೊಳವೆಬಾವಿಗಳು ಆಳಕ್ಕಿಳಿದವು. ಆಳು ಸಿಗದ ಹೊಲಗಳಿಗೆ ನೀಲಗಿರಿ ಬಂದು ಅಕ್ಕಡಿಯ ಜಾಗವನ್ನು ಒಂದೇ ಗಿಡ ನುಂಗಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಈಗ ಹೊಸಕೋಟೆಯಿಂದ ಚೆನ್ನೈಗೆ ಎಕ್ಸ್‌ಪ್ರೆಸ್‌ವೇ ಹೊರಟಿದೆ. ಅದರ ಕರ್ನಾಟಕದ ಭಾಗ 71 ಕಿ.ಮೀ. ಬೆಂಗಳೂರಿನ ಬೆಳವಣಿಗೆಯೊಂದಿಗೆ ತಾಲ್ಲೂಕಿನ ಹೊಲಗಳು ಗೋದಾಮು, ಲೇಔಟುಗಳಾಗುತ್ತಿವೆ, ರೈತರ ಮಕ್ಕಳು ಕಾರ್ಖಾನೆಗಳ ಪಾಳಿಗೆ ಹೋಗುತ್ತಿದ್ದಾರೆ.