ದೇವರ ಸ್ವರ ಆಲಿಸುವಿಕೆ

ಸತ್ಯವೇದದ ಓದು, ಪ್ರಾರ್ಥನೆ ಹಾಗೂ ಮೌನದ ಮೂಲಕ ದಿನನಿತ್ಯದ ನಿರ್ಧಾರಗಳಲ್ಲಿ ದೇವರ ಚಿತ್ತವನ್ನು ಅರಿಯುವ ಕ್ರೈಸ್ತ ಅಭ್ಯಾಸ. ಹಳೆಯ ಒಡಂಬಡಿಕೆಯ ಬಾಲಕ ಸಮುವೇಲ ಇದರ ಮಾದರಿ. ದೇವರು ಹೆಸರು ಹಿಡಿದು ಕರೆದಾಗ, ಕರೆದವನು ಯಾಜಕ ಏಲಿಯೇ ಎಂದುಕೊಂಡು ಅವನು ಮೂರು ಸಲ ಎದ್ದು ಏಲಿಯ ಬಳಿಗೆ ಓಡುತ್ತಾನೆ. ಸ್ವರ ಯಾರದೆಂದು ತಿಳಿಸಿಕೊಡುವವನೂ ಏಲಿಯೇ. ಆಲಿಸುವುದನ್ನು ಕಲಿಯಬೇಕು, ಕಲಿಸಲೂಬಹುದು ಎಂಬ ನಿಲುವಿಗೆ ಈ ಕಥೆಯೇ ಆಧಾರ.

ಕಥೋಲಿಕರಲ್ಲಿ 16ನೆಯ ಶತಮಾನದ ಲೊಯೋಲದ ಇಗ್ನೇಷಿಯಸ್ ಬೋಧಿಸಿದ ದೈನಿಕ ಆತ್ಮಪರೀಕ್ಷೆ ಇದೇ ಬಗೆಯದು.

ಹೈದರಾಬಾದಿನಲ್ಲಿ ಈ ಅಭ್ಯಾಸಕ್ಕೆ ಹೆಸರಾದದ್ದು ಭಕ್ತಸಿಂಗ್ (1903–2000) ಸ್ಥಾಪಿಸಿದ ಹೆಬ್ರೋನ್ ಸಭೆ. ಪಂಜಾಬಿನ ಸಿಖ್ ಮನೆತನದ ಇವರು ಎಂಜಿನಿಯರಿಂಗ್ ಓದಲು ವಿದೇಶಕ್ಕೆ ಹೋಗಿ, 1929ರಲ್ಲಿ ಕೆನಡಾದಲ್ಲಿ ಹೊಸ ಒಡಂಬಡಿಕೆ ಓದುತ್ತ ಕ್ರಿಸ್ತನನ್ನು ನಂಬಿದರು. 1932ರಲ್ಲಿ ದೀಕ್ಷಾಸ್ನಾನ ಪಡೆದು ಮರುವರ್ಷ ಭಾರತಕ್ಕೆ ಮರಳಿದರು. 1941ರಲ್ಲಿ ಮದ್ರಾಸಿನಲ್ಲಿ ಮೊದಲ ಸಭೆ ಆರಂಭಿಸಿ, ಮುಂದೆ ಹೈದರಾಬಾದನ್ನು ಕೇಂದ್ರವಾಗಿಸಿಕೊಂಡರು. ಮಿಷನ್ ಸಂಬಳವಿಲ್ಲದೆ ದುಡಿದ ಅವರು ಸಣ್ಣಪುಟ್ಟ ವಿಷಯಕ್ಕೂ ಮಂಡಿಯೂರಿ ಬಹುಹೊತ್ತು ಪ್ರಾರ್ಥಿಸುತ್ತಿದ್ದರು.

ಸ್ವಂತ ಆಸೆಯನ್ನೇ ದೈವವಾಣಿಯೆಂದು ಬಗೆಯುವ ಅಪಾಯ ಈ ಅಭ್ಯಾಸದಲ್ಲಿ ಸಣ್ಣದಲ್ಲ. ಹಾಗಾಗಿ ಕೇಳಿಸಿತೆನ್ನುವುದನ್ನು ಸತ್ಯವೇದದ ವಚನ ಮತ್ತು ಸಭಾಹಿರಿಯರ ಸಲಹೆಯಿಂದ ಪರೀಕ್ಷಿಸುವುದು ಹಲವು ಸಭೆಗಳ ರೂಢಿ.